ಮಾರ್ಚಲ್ಲಿ ಪುಕ್ಕ ಉದುರಿಸಿದ ಕೆಂಪಿ

ಬೆಳಿಗ್ಗೆ ಕೋಳಿ ಗೂಡಿನ ಬಾಗಿಲು ತೆಗೆದರೆ ನೆಲದ ತುಂಬಾ ಕಂದು ಪುಕ್ಕ. ಮುಂಗುಸಿ ನುಗ್ಗಿದೆ ಅಂತಲೇ ಎದೆ ಧಸಕ್ ಅಂತು. ಎಣಿಸಿದೆ, ಆರೂ ಇದ್ದವು. ಕೆಂಪಿ ಮಾತ್ರ ಮೂಲೆಯಲ್ಲಿ ಮುದುಡಿ ನಿಂತಿದ್ದಳು, ಕತ್ತು ಪೂರ್ತಿ ಬೋಳು, ಬಾಲದಲ್ಲಿ ಎರಡೇ ಗರಿ.

ಹಗಲು ಕಿರಿದಾಗುವಾಗ ಕೋಳಿ ಪುಕ್ಕ ಬದಲಿಸುತ್ತೆ ಅಂತಾರೆ. ಇದು ಮಾರ್ಚ್! ಆದರೆ ನಮ್ಮ ಕಡೆ ವರ್ಷದ ಅತಿ ಉದ್ದದ ಹಗಲಿಗೂ ಅತಿ ಚಿಕ್ಕ ಹಗಲಿಗೂ ಸುಮಾರು ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ, ಹಾಗಾಗಿ ಕಾವಿಗೆ ಕೂತು ಸೊರಗಿದರೂ, ಸೆಕೆಗೆ ಬಳಲಿದರೂ ಯಾವ ತಿಂಗಳಲ್ಲಾದರೂ ಉದುರಿಸಿಬಿಡುತ್ತವೆ. ಇವಳು 21 ದಿನ ಕಾವಿಗೆ ಕೂತು ಎದ್ದವಳು, ಆಗ ಸರಿಯಾಗಿ ತಿಂದೇ ಇರಲಿಲ್ಲ.

"ಬಾಣಂತಿ ಕಣೇ ಅದು, ಕೂದಲು ಉದುರಲ್ವಾ" ಅಂದರು ಪಕ್ಕದ ಮನೆ ಅಜ್ಜಿ. ಹೆರಿಗೆಯಾಗಿ ನಾಲ್ಕು ತಿಂಗಳಿಗೆ ಬಾಚಣಿಗೆ ತುಂಬಾ ಬರುತ್ತಿದ್ದ ನನ್ನ ಕೂದಲು ನೆನಪಾಯ್ತು. ಆಗ ಅಮ್ಮ ನನಗೆ ಏನೇನೆಲ್ಲ ತಿನ್ನಿಸಿದ್ದಳು!

ಪುಕ್ಕದಲ್ಲಿ ಇರೋದು ಹೆಚ್ಚೂಕಮ್ಮಿ ಪ್ರೋಟೀನೇ, ಅದಕ್ಕೆ ಮೊಟ್ಟೆ ನಿಂತಿದೆ, ನಿಲ್ಲಲಿ ಬಿಡಿ. ಕಡಲೆಕಾಯಿ ಹಿಂಡಿ, ಒಣಮೀನಿನ ಪುಡಿ ಹಾಕ್ತಿದ್ದೀನಿ. ಕತ್ತಿನ ಮೇಲೆ ಹೊಸ ಗರಿ ಮುಳ್ಳಿನ ಹಾಗೆ ಮೂಡುತ್ತಿವೆ, ಒಳಗೆ ರಕ್ತ ಇರುತ್ತೆ, ಮುಟ್ಟಿದರೆ ನೋವು. ಮಗಳಿಗೆ ಎತ್ತಿಕೊಳ್ಳಬೇಡ ಅಂದಿದ್ದೀನಿ. ದೂರದಲ್ಲಿ ಕೂತು ಒಂದೊಂದೇ ಕಾಳು ಎಸೀತಿದ್ದಾಳೆ.