ಕೂಳೂರು ಸೇತುವೆ ಮೇಲೊಂದು ಹಾರ್ನ್

ಬೆಳಿಗ್ಗೆ ಮಂಗಳೂರಿನ ಪಣಂಬೂರು ಬೀಚಿಗೆ ಸೈಕಲಲ್ಲಿ ಹೊರಟಿದ್ದೆ. 66ನೇ ಹೆದ್ದಾರಿಯ ಕೂಳೂರು ಸೇತುವೆ ಮೇಲೆ ಹಿಂದಿನಿಂದ ಸಿಟಿ ಬಸ್ಸಿನ ಹಾರ್ನ್, ಕಿವಿ ತೂತಾಗುವ ಹಾಗೆ. ಬದಿಗೆ ಸರಿಯುವ ಅಂದ್ರೆ ಬದಿ ಎಲ್ಲುಂಟು ಮಾರಾಯ್ರೆ? ಡಾಮರಿನ ಅಂಚಲ್ಲಿ ಮರಳು, ಅದರಾಚೆ ಕಟ್ಟೆ, ಕೆಳಗೆ ಫಲ್ಗುಣಿ ಹೊಳೆ. ಕಂಡಕ್ಟರ್ ಫುಟ್‌ಬೋರ್ಡಿನಿಂದ ಬಾಗಿ, ಬಸ್ಸಿನ ತಗಡಿಗೆ ಪಟಪಟ ಬಡಿದು "ಅಣ್ಣಾ, ಸೈಡ್ ಸೈಡ್!" ಅಂದ. ಪಿತ್ತ ನೆತ್ತಿಗೇರಿತು. ಅವರಿಗೂ ಟೈಮಿಂಗಿನ ಕರ್ಮ ಬಿಡಿ, ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವನು ಜನ ಹತ್ತಿಸಿಕೊಂಡು ಹೋಗ್ತಾನೆ.

ಸಂಜೆ ಅದೇ ಹೆದ್ದಾರಿಯಲ್ಲಿ ಕಾರಲ್ಲಿ ಬರುವಾಗ ಮುಂದೆ ಒಬ್ಬ ಅಜ್ಜ, ಸೈಕಲಿನ ಕ್ಯಾರಿಯರಿನಲ್ಲಿ ಹುಲ್ಲಿನ ಕಟ್ಟು. ನನ್ನ ಕೈ ತನ್ನಷ್ಟಕ್ಕೇ ಹಾರ್ನಿನ ಮೇಲಿತ್ತು. (ಒತ್ತಿದೆ ಕೂಡ. ಸಣ್ಣಕ್ಕೆ.) ಅಜ್ಜ ತಿರುಗಿ ಸಹ ನೋಡಲಿಲ್ಲ.