ಆ್ಯಪ್ ತೆಗೆದುಹಾಕಿದರೂ ದುಡ್ಡು ಹೋಗುತ್ತಲೇ ಇರುತ್ತದೆ

ಕಾಗದದ ಫೋಟೊ ತೆಗೆದು ಪಿಡಿಎಫ್ ಮಾಡಿಕೊಡುವ ಒಂದು ಆ್ಯಪ್‌ಗೆ ನಮ್ಮತ್ತೆಯ ಖಾತೆಯಿಂದ ವಾರ ವಾರ ದುಡ್ಡು ಕಟ್ ಆಗುತ್ತಿತ್ತು. ಆ ಆ್ಯಪ್ ಅವರ ಫೋನಿನಲ್ಲಿ ಇರಲೇ ಇಲ್ಲ. ಬೇಡ ಅಂತ ಯಾವಾಗಲೋ ತೆಗೆದುಹಾಕಿದ್ದರು.

ತಪ್ಪು ಅವರದ್ದು ಅಂತ ನಾನು ಒಪ್ಪುವುದಿಲ್ಲ. ನನ್ನ ಫೋನಿಗೂ ಅದನ್ನು ಹಾಕಿ ನೋಡಿದೆ. ತೆರೆದ ಕೂಡಲೇ ‘ಉಚಿತವಾಗಿ ಶುರು ಮಾಡಿ’ ಎಂಬ ದೊಡ್ಡ ಬಟನ್. ಮೂರು ದಿನ ಕಳೆದ ಮೇಲೆ ವಾರಕ್ಕೆ ಇಷ್ಟು ಎಂಬುದು ಕೆಳಗೆ, ತಿಳಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ. ಮುಚ್ಚೋಣ ಅಂದರೆ ಇಂಟು ಮಾರ್ಕ್ ಕಾಣುವುದೇ ಇಲ್ಲ. ಸ್ವಲ್ಪ ಹೊತ್ತು ಸುಮ್ನೆ ಕಾದರೆ ಮೂಲೆಯಲ್ಲಿ ಮಬ್ಬಾಗಿ ಮೂಡುತ್ತದೆ. ಅಷ್ಟರೊಳಗೆ ಯಾರಾದರೂ ದೊಡ್ಡ ಬಟನ್ನೇ ಒತ್ತಿರುತ್ತಾರೆ, ಅಲ್ವಾ? ಬೇಕೆಂದೇ ಹೀಗೆ ಮಾಡಿಟ್ಟಿದ್ದಾರೆ.

ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಪ್ರೊಫೈಲ್ ಚಿತ್ರ ಒತ್ತಿ, ‘ಪೇಮೆಂಟ್ಸ್ ಅಂಡ್ ಸಬ್‌ಸ್ಕ್ರಿಪ್ಶನ್ಸ್’ ಒಳಗೆ ಹೋಗಿ ಕ್ಯಾನ್ಸಲ್ ಮಾಡಬೇಕು. ಐಫೋನ್ ಆದರೆ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಹೆಸರು ಒತ್ತಿ, ‘ಸಬ್‌ಸ್ಕ್ರಿಪ್ಶನ್ಸ್’ ಒಳಗೆ ಹೋಗಿ. ಉಚಿತ ಟ್ರಯಲ್ ಮುಗಿಯಲು 24 ಗಂಟೆ ಇರುವಾಗಲೇ ಈ ಕೆಲಸ ಮುಗಿಸಿ. ಪ್ಲೇ ಸ್ಟೋರ್‌ನಲ್ಲಿ ದುಡ್ಡು ಕಟ್ಟಿ 48 ಗಂಟೆ ಆಗಿಲ್ಲದಿದ್ದರೆ ಗೂಗಲ್‌ಗೇ ರೀಫಂಡ್ ಕೇಳಬಹುದು. ಅಂದಹಾಗೆ, ಐಫೋನಿನ ನೋಟ್ಸ್‌ನಲ್ಲೂ ಆಂಡ್ರಾಯ್ಡ್‌ನ ಗೂಗಲ್ ಡ್ರೈವ್‌ನಲ್ಲೂ ಸ್ಕ್ಯಾನ್ ಮಾಡುವುದು ಪುಕ್ಕಟೆ.

ಆ್ಯಪ್‌ಗೆ ಜನ ಕೊಟ್ಟ ಸ್ಟಾರ್ ನೋಡಿ ನಂಬೋಣವೇ? 2014ರಲ್ಲಿ ‘ವೈರಸ್ ಶೀಲ್ಡ್’ ಎಂಬ ಆ್ಯಪ್ ಬಂದಿತ್ತು. ಬೆಲೆ ಸುಮಾರು 4 ಡಾಲರ್. 10,000ಕ್ಕೂ ಜಾಸ್ತಿ ಡೌನ್‌ಲೋಡ್, ಒಳ್ಳೇ ರೇಟಿಂಗ್. ಬಿಚ್ಚಿ ನೋಡಿದರೆ ವೈರಸ್ ಹುಡುಕುವ ಕೆಲಸವೇ ಅದರಲ್ಲಿ ಇರಲಿಲ್ಲ. ಒತ್ತಿದರೆ ಗುರಾಣಿ ಮೇಲಿನ ಇಂಟು ಮಾರ್ಕ್ ಹೋಗಿ ಟಿಕ್ ಬರುತ್ತಿತ್ತು, ಅಷ್ಟೇ. ಕೊನೆಗೆ ಗೂಗಲ್ ಅದನ್ನು ಕೊಂಡವರಿಗೆ ದುಡ್ಡು ವಾಪಸ್ ಕೊಟ್ಟಿತು.

ದುಡ್ಡು ಹೋದರೆ ಹೇಗೋ ಸುಧಾರಿಸಿಕೊಳ್ಳಬಹುದು. ನನಗೆ ನಿಜಕ್ಕೂ ಭಯ ಹುಟ್ಟಿಸುವುದು ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ಹೇಳುತ್ತೇವೆ ಎನ್ನುವ ಆ್ಯಪ್‌ಗಳು. ‘ಇನ್‌ಸ್ಟಂಟ್ ಬ್ಲಡ್ ಪ್ರೆಶರ್’ ಎಂಬುದನ್ನು ದುಡ್ಡಿಗೇ ಮಾರುತ್ತಿದ್ದರು. ಸಂಶೋಧಕರು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ಬಿಪಿ ಜಾಸ್ತಿ ಇದ್ದ ಪ್ರತಿ 5 ಮಂದಿಯಲ್ಲಿ ಸುಮಾರು 4 ಮಂದಿಗೆ ಅದು ತೊಂದರೆಯಿಲ್ಲ ಅಂತ ತೋರಿಸಿತ್ತು. ಅದೇ ವರ್ಷ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಆ ಕಂಪನಿಯ ಮೇಲೆ ಕೇಸು ಹಾಕಿತು.

ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ನಂಬರ್ ನಂಬಿ ಮಾತ್ರೆ ಕಡಿಮೆ ಮಾಡಿದ್ದರೆ, ದಯವಿಟ್ಟು ಇವತ್ತೇ ತೋಳಿಗೆ ಪಟ್ಟಿ ಸುತ್ತುವ ಮಿಷನ್‌ನಲ್ಲಿ ಬಿಪಿ ನೋಡಿಸಿ, ಡಾಕ್ಟರ ಹತ್ತಿರ ಮಾತಾಡಿ.