ಡವ್‌ಟೇಲ್ ಜಿಗ್ ಕೊಳ್ಳಬೇಕೇ: ದೀಪಾವಳಿ ರಿಯಾಯಿತಿಯ ಮುಂದೆ ಕುಳಿತು ಹಾಕಿದ ಲೆಕ್ಕ

ಕಲಬುರಗಿ, ರವಿವಾರ, 12 ಅಕ್ಟೋಬರ್ 2025

ಸಾಗವಾನಿ ಕಪಾಟಿನ ಚೌಕಟ್ಟು ಮುಗಿದು ನಿಂತಿದೆ. ಅದರೊಳಗಿನ ಆರು ಖಾನೆಗಳು ಮಾತ್ರ ಬಾಕಿ ಇವೆ. ಖಾನೆಯ ಮುಖಹಲಗೆಗೂ ಪಕ್ಕದ ಹಲಗೆಗೂ ಡವ್‌ಟೇಲ್ ಜೋಡಣೆಯನ್ನೇ (ಒಂದು ಹಲಗೆಯ ತುದಿಯಲ್ಲಿ ಪಾರಿವಾಳದ ಬಾಲದಂಥ ಹಲ್ಲುಗಳನ್ನು ಕೊರೆದು ಇನ್ನೊಂದರ ಮನೆಗಳಲ್ಲಿ ಕೂರಿಸುವುದು) ಹಾಕಬೇಕೆಂದು ಮೊದಲೇ ನಿಶ್ಚಯಿಸಿದ್ದೆ. ಖಾನೆಯನ್ನು ಎಳೆಯುವಾಗ ಬಲವೆಲ್ಲ ಮುಖಹಲಗೆಯ ಮೇಲೆ ಬೀಳುತ್ತದೆ, ಆ ದಿಕ್ಕಿನಲ್ಲಿ ಅಂಟು ಸೋತರೂ ಬಿಚ್ಚಿಕೊಳ್ಳದ ಜೋಡಣೆ ಇದು. ಹೀಗಿರುವಾಗ ದೀಪಾವಳಿಯ ಆನ್‌ಲೈನ್ ಮಾರಾಟದಲ್ಲಿ ಹನ್ನೆರಡು ಇಂಚಿನ ಡವ್‌ಟೇಲ್ ಜಿಗ್ ಒಂದು (ಮರ ಕೊರೆಯುವ ರೌಟರ್ ಯಂತ್ರಕ್ಕೆ ದಾರಿ ತೋರಿಸುವ ಸಾಧನ) ನಲವತ್ತು ಪ್ರತಿಶತ ರಿಯಾಯಿತಿಯಲ್ಲಿ ಕಾಣಿಸಿಕೊಂಡಿದೆ. ಮೂಲ ಬೆಲೆ 13,500 ರೂಪಾಯಿ ಎಂದು ಬರೆದು ಅದರ ಮೇಲೆ ಗೀಟು ಎಳೆದು, ಕೆಳಗೆ 8,100 ಎಂದು ತೋರಿಸಿದ್ದಾರೆ. ಮಾರಾಟ ಇಂದು ಮಧ್ಯರಾತ್ರಿಗೆ ಮುಗಿಯುತ್ತದಂತೆ.

ಮೊದಲು ರಿಯಾಯಿತಿಯ ಮಾತನ್ನೇ ಮುಗಿಸಿಬಿಡುತ್ತೇನೆ. ಇದೇ ಜಿಗ್ ಜುಲೈ ತಿಂಗಳಲ್ಲಿ, ಯಾವ ಹಬ್ಬವೂ ಇಲ್ಲದ ಹೊತ್ತಿನಲ್ಲಿ, 8,900ಕ್ಕೆ ಸಿಗುತ್ತಿದ್ದುದನ್ನು ನಾನು ಬರೆದಿಟ್ಟುಕೊಂಡಿದ್ದೇನೆ. ಅಂದರೆ ಉಳಿತಾಯ 800 ರೂಪಾಯಿ. 13,500 ಕೊಟ್ಟು ಇದನ್ನು ಯಾರಾದರೂ ಕೊಂಡಿರುವರೆಂದು ನನಗೆ ಅನಿಸುವುದಿಲ್ಲ. ಎಂಟುನೂರು ರೂಪಾಯಿಗಾಗಿ ಮಧ್ಯರಾತ್ರಿಯ ಗಡುವಿಗೆ ಓಡಬೇಕಾದ ಅಗತ್ಯವಿಲ್ಲ ಎಂದ ಮೇಲೆ ಉಳಿಯುವ ಪ್ರಶ್ನೆ ಒಂದೇ: ನನ್ನ ರೌಟರಿಗೆ, ನನ್ನ ಮರಕ್ಕೆ, ಈ ಕಪಾಟಿನ ಅಳತೆಗೆ ಈ ಜಿಗ್ ಹೊಂದುತ್ತದೆಯೇ?

ಜಿಗ್ ಮಾಡುವ ಕೆಲಸ ಸರಳವಾಗಿದೆ. ಪಕ್ಕದ ಹಲಗೆಯನ್ನು ಮುಂಭಾಗದಲ್ಲಿ ಲಂಬವಾಗಿಯೂ ಮುಖಹಲಗೆಯನ್ನು ಮೇಲ್ಭಾಗದಲ್ಲಿ ಅಡ್ಡವಾಗಿಯೂ, ಎರಡರ ಒಳಮೈ ಹೊರಗೆ ಕಾಣುವಂತೆ, ಬಾಲಗಳ ನಡುವಿನ ಅಂತರದ ಅರ್ಧದಷ್ಟು ಆಚೀಚೆ ಸರಿಸಿ ಬಿಗಿಯುತ್ತಾರೆ. ಮೇಲೆ ಹಲ್ಲುಗಳಿರುವ ಟೆಂಪ್ಲೇಟ್ ಕೂರುತ್ತದೆ. ರೌಟರಿನ ತಳಕ್ಕೆ ಹಾಕಿದ ಗೈಡ್ ಬುಷ್ (ಬಿಟ್ಟನ್ನು ಸುತ್ತುವರಿದ ಸಣ್ಣ ಬಳೆ) ಆ ಹಲ್ಲುಗಳ ಅಂಚನ್ನು ಸವರುತ್ತ ಒಳಹೊರಗೆ ಹೋದಂತೆ, ಒಂದೇ ಬಿಟ್, ಅಂದರೆ ಕೊರೆಯುವ ಅಲಗು, ಎರಡೂ ಹಲಗೆಗಳನ್ನು ಒಟ್ಟಿಗೆ ಕೊರೆಯುತ್ತದೆ. ಬಾಲವೂ ಅದು ಕೂರುವ ಮನೆಯೂ ಒಂದೇ ಓಟದಲ್ಲಿ ಸಿದ್ಧವಾಗುತ್ತವೆ. ಜೋಡಣೆ ಸಡಿಲವಾದರೆ ಬಿಟ್ಟನ್ನು ಕೂದಲೆಳೆಯಷ್ಟು ಕೆಳಗಿಳಿಸಬೇಕು, ಬಿಗಿಯಾದರೆ ಮೇಲೇರಿಸಬೇಕು. ಒಮ್ಮೆ ಹದ ಸಿಕ್ಕಿತೆಂದರೆ ನೂರು ಮೂಲೆಗಳೂ ಒಂದೇ ತರಹ ಬರುತ್ತವೆ, ಮತ್ತು ಈ ಒಂದು ಗುಣಕ್ಕಾಗಿಯೇ ಪೀಠೋಪಕರಣದ ಕಾರ್ಖಾನೆಗಳು ಇಂಥ ವ್ಯವಸ್ಥೆಯನ್ನು ನೆಚ್ಚಿಕೊಂಡಿವೆ.

ತೊಡಕು ಆರಂಭವಾಗುವುದು ಬುಷ್‌ನಲ್ಲಿ. ಈ ಜಿಗ್ ಅರ್ಧ ಇಂಚಿನ, 14 ಡಿಗ್ರಿ ಕೋನದ ಬಿಟ್ಟಿಗಾಗಿ ಮಾಡಿದ್ದು, ಅದಕ್ಕೆ ಬೇಕಾದ ಬುಷ್ಷಿನ ಹೊರವ್ಯಾಸ 7/16 ಇಂಚು, ಅಂದರೆ ಹನ್ನೊಂದು ಮಿಲಿಮೀಟರಿಗೆ ತುಸು ಹೆಚ್ಚು. ಇಷ್ಟು ಸಣ್ಣ ಬುಷ್ಷಿನೊಳಗೆ ಅರ್ಧ ಇಂಚಿನ ದಂಡು (ಬಿಟ್ಟಿನ ಮೇಲ್ಭಾಗದ ಹಿಡಿ) ತೂರುವುದು ಸಾಧ್ಯವೇ ಇಲ್ಲ. ಆದ್ದರಿಂದ ಜೊತೆಗೆ ಕೊಡುವ ಬಿಟ್ಟಿನ ದಂಡು ಕಾಲು ಇಂಚಿನದು. ನನ್ನ ದೊಡ್ಡ ರೌಟರಿನ ಕಾಲೆಟ್ (ದಂಡನ್ನು ಕಚ್ಚಿ ಹಿಡಿಯುವ ಬಾಯಿ) 12 ಮಿಲಿಮೀಟರಿನದು, ಟ್ರಿಮ್ಮರ್ ಎಂಬ ಸಣ್ಣ ರೌಟರಿನದು 6 ಮಿಲಿಮೀಟರಿನದು. ಕಾಲು ಇಂಚೆಂದರೆ 6.35 ಮಿಲಿಮೀಟರು, ಟ್ರಿಮ್ಮರಿನಲ್ಲಿ ಅದು ಇಳಿಯುವುದಿಲ್ಲ. ಇಳಿಯುವಂಥ ಕಾಲೆಟ್ ತಂದು ಹಾಕಿದರೂ ಪ್ರಯೋಜನವಿಲ್ಲ, ಏಕೆಂದರೆ ಡವ್‌ಟೇಲ್ ಬಿಟ್ ಕೆಳಗೆ ಅಗಲ, ಮೇಲೆ ಕಿರಿದು. ಸಾಮಾನ್ಯ ಬಿಟ್ಟಿನಂತೆ ಎರಡು ಮೂರು ಸಲ ಸ್ವಲ್ಪ ಸ್ವಲ್ಪವಾಗಿ ಆಳಕ್ಕಿಳಿಸಿ ಕೊರೆಯಲು ಬರುವುದಿಲ್ಲ. ಪೂರ್ತಿ ಆಳವನ್ನು ಒಂದೇ ಓಟದಲ್ಲಿ ಕೊರೆಯಬೇಕು, ಹಳೆಯ ಸಾಗವಾನಿಯಲ್ಲಿ ಅದು ಟ್ರಿಮ್ಮರಿನ ಶಕ್ತಿಗೆ ಮೀರಿದ ಕೆಲಸ. ಹಾಗಾಗಿ ದೊಡ್ಡ ರೌಟರೇ ಗತಿ, ಅದಕ್ಕೆ 12ರಿಂದ ಕಾಲು ಇಂಚಿಗೆ ಇಳಿಸುವ ಸ್ಲೀವ್ ಒಂದು ಬೇಕು.

ಇಷ್ಟಕ್ಕೂ ಮುಗಿಯಲಿಲ್ಲ. ಜೊತೆಗೆ ಬರುವ ಹಿತ್ತಾಳೆಯ ಬುಷ್ ಅಮೆರಿಕದ ರೌಟರುಗಳ ತಳದ ರಂಧ್ರಕ್ಕೆ, ಅಂದರೆ ಸುಮಾರು 30 ಮಿಲಿಮೀಟರಿನ ಮೆಟ್ಟಿಲುಳ್ಳ ರಂಧ್ರಕ್ಕೆ, ಹೊಂದುವ ಮಾದರಿಯದು. ನನ್ನ ರೌಟರಿನಲ್ಲಿ ಬುಷ್ ಎರಡು ಸ್ಕ್ರೂಗಳಿಂದ ಕೂರುವ ತಗಡಿನ ರೂಪದಲ್ಲಿದೆ. ಅಕ್ರಿಲಿಕ್ ಹಾಳೆ ಕತ್ತರಿಸಿ, ರಂಧ್ರ ಕೊರೆದು, ಹೊಸ ತಳವೊಂದನ್ನು ನಾನೇ ಮಾಡಿಕೊಳ್ಳಬೇಕು, ಅದರ ನಡುಬಿಂದು ಬಿಟ್ಟಿನ ನಡುಬಿಂದುವಿಗೆ ಸರಿಯಾಗಿ ಬೀಳಬೇಕು. ಅರ್ಧ ಮಿಲಿಮೀಟರು ಸರಿದಿದ್ದರೆ ರೌಟರನ್ನು ಯಾವ ದಿಕ್ಕಿಗೆ ಹಿಡಿದಿದ್ದೇವೆ ಎಂಬುದರ ಮೇಲೆ ಜೋಡಣೆಯ ಬಿಗಿ ಬದಲಾಗುತ್ತ ಹೋಗುತ್ತದೆ. ಸ್ಲೀವ್, ಅಕ್ರಿಲಿಕ್, ಹೆಚ್ಚುವರಿ ಬಿಟ್ ಒಂದು ಎಂದು ಸೇರಿಸಿದರೆ ವೆಚ್ಚ ಹತ್ತು ಸಾವಿರ ದಾಟುತ್ತದೆ. ಉಳಿತಾಯದ ಎಂಟುನೂರು ಎಲ್ಲಿ ಹೋಯಿತೆಂದು ಹುಡುಕಬೇಕಾಗಿಲ್ಲ.

ಹಣದ ಮಾತಾದರೂ ಬಿಡಬಹುದಾಗಿತ್ತು, ಅಳತೆಯ ಮಾತು ಬಿಡುವಂಥದ್ದಲ್ಲ. ಈ ವರ್ಗದ ಜಿಗ್‌ಗಳಲ್ಲಿ ಟೆಂಪ್ಲೇಟಿನ ಹಲ್ಲುಗಳು ಒಂದೇ ಅಂತರದಲ್ಲಿ ಅಲುಗದಂತೆ ಕೂತಿರುತ್ತವೆ. ಒಂದರ ನಡುವಿನಿಂದ ಮುಂದಿನದರ ನಡುವಿಗೆ 7/8 ಇಂಚು, ನಮ್ಮ ಲೆಕ್ಕದಲ್ಲಿ 22.2 ಮಿಲಿಮೀಟರು. ಮೇಲಂಚಿನಲ್ಲಿ ಅರ್ಧ ಪಿನ್ನಿನಿಂದ (ಬಾಲಗಳ ನಡುವೆ ಕೂತು ಅವನ್ನು ಹಿಡಿಯುವ ಹಲ್ಲೇ ಪಿನ್) ಆರಂಭವಾಗಿ ಕೆಳಅಂಚಿನಲ್ಲಿಯೂ ಅರ್ಧ ಪಿನ್ನಿಗೇ ಮುಗಿಯಬೇಕಾದರೆ ಖಾನೆಯ ಎತ್ತರ 22.2ರ ಗುಣಕದಲ್ಲಿರಬೇಕು: 89, 111, 133, 156 ಹೀಗೆ. ನನ್ನ ಕಪಾಟಿನಲ್ಲಿ ಖಾನೆಗಳ ಎತ್ತರ ಮೇಲಿನಿಂದ ಕೆಳಗೆ ಎರಡೆರಡರಂತೆ 90, 115, 150. ತೊಂಬತ್ತರ ಖಾನೆ ಹೊಂದಿಕೊಳ್ಳುತ್ತದೆ. ನೂರಹದಿನೈದರಲ್ಲಿ ಕೆಳಗಿನ ಪಿನ್ ಮೇಲಿನದಕ್ಕಿಂತ ನಾಲ್ಕು ಮಿಲಿಮೀಟರು ದಪ್ಪವಾಗುತ್ತದೆ. ಕಣ್ಣಿಗೆ ತುಸು ಚುಚ್ಚಿದರೂ ಬಲಕ್ಕೆ ಧಕ್ಕೆಯಿಲ್ಲ. ನೂರೈವತ್ತರಲ್ಲಿ ಮಾತ್ರ ಕೆಳಅಂಚು ನೇರವಾಗಿ ಬಾಲದ ಮೇಲೆ ಬೀಳುತ್ತದೆ: ಅಲ್ಲಿ ತಡೆದು ಹಿಡಿಯುವ ಪಿನ್ನೇ ಇಲ್ಲದೆ ಬಾಲದ ಮನೆ ಕೆಳಗಿನಿಂದ ತೆರೆದುಕೊಂಡು ನಿಲ್ಲುತ್ತದೆ. ಜಿಗ್ಗಿನಲ್ಲಿ ಹಲಗೆಯ ಅಂಚು ತಾಗಿ ನಿಲ್ಲುವ ನಿಲುಗಡೆಯ ಪಕ್ಕದಲ್ಲಿ ತೆಳುಪಟ್ಟಿ ಇಟ್ಟು ಹಲಗೆಯನ್ನು ನಡುವಿಗೆ ಸರಿಸಿ ಲೆಕ್ಕ ಹಾಕಿ ನೋಡಿದೆ. ಎರಡೂ ಅಂಚುಗಳಲ್ಲಿ ಮೂರೂವರೆ ಮಿಲಿಮೀಟರಿನ ಬಾಲದ ಚೂರು ಉಳಿಯುತ್ತದೆ, ಅದು ಮೊದಲ ಏಟಿಗೇ ಸಿಡಿದುಹೋಗುವಂಥದ್ದು. ಅತಿ ಭಾರ ಹೊರಬೇಕಾದ ಖಾನೆಗಳು ಈ ಕೆಳಗಿನ ಎರಡೇ.

ಹಲ್ಲುಗಳನ್ನು ಬೇಕಾದಂತೆ ಸರಿಸಿಕೊಳ್ಳಬಹುದಾದ ಜಿಗ್‌ಗಳೂ ಇವೆ. ಕೆನಡಾದ ಲೀ ಕಂಪನಿ ಹೆಸರುವಾಸಿಯಾದದ್ದೇ ಅಂಥವುಗಳಿಂದ. ಅವುಗಳ ಬೆಲೆ ನನ್ನಂಥ ರವಿವಾರದ ಬಡಿಗನಿಗೆ ಹೇಳಿಸಿದ್ದಲ್ಲ.

ನೋಟದ ಬಗ್ಗೆಯೂ ನನಗೊಂದು ಹಟವಿದೆಯೆಂದು ಒಪ್ಪಿಕೊಳ್ಳುತ್ತೇನೆ. ಕೈಯಿಂದ ಕೊರೆಯುವಾಗ ಗಟ್ಟಿ ಮರಕ್ಕೆ ಒಂದಕ್ಕೆ ಎಂಟು, ಮೆತ್ತನೆ ಮರಕ್ಕೆ ಒಂದಕ್ಕೆ ಆರು ಎಂಬ ಇಳಿಜಾರು ರೂಢಿಯಲ್ಲಿದೆ. 14 ಡಿಗ್ರಿಯೆಂದರೆ ಹೆಚ್ಚುಕಡಿಮೆ ಒಂದಕ್ಕೆ ನಾಲ್ಕು. ಅಷ್ಟು ವಾರೆಯಾದಾಗ ಬಾಲದ ಚೂಪು ಮೂಲೆಗಳಲ್ಲಿ ಮರದ ಎಳೆ ಗಿಡ್ಡವಾಗಿ, ಜೋಡಿಸಿ ಬಿಚ್ಚಿ ನೋಡುವಾಗಲೇ ಉದುರುವ ಸಾಧ್ಯತೆ ಹೆಚ್ಚು. ಅಲ್ಲದೆ ಯಂತ್ರದಲ್ಲಿ ಪಿನ್ನೂ ಬಾಲವೂ ಸಮ ಅಗಲ. ಕೈಕೆಲಸದಲ್ಲಿ ಅಗಲವಾದ ಬಾಲಗಳ ನಡುವೆ ಗರಗಸ ತೂರುವಷ್ಟೇ ಕಿರಿದಾದ ಪಿನ್‌ಗಳನ್ನು ಬಿಡಬಹುದು. ಖಾನೆ ಮುಚ್ಚಿದ್ದಾಗ ಇದೆಲ್ಲ ಕಾಣುವುದಿಲ್ಲ ಎಂದು ಮನೆಯಾಕೆ ಹೇಳಿದ್ದು ನ್ಯಾಯವಾದ ಮಾತೇ. ಖಾನೆಗಳು ಯಾವಾಗ ಮುಗಿಯುತ್ತವೆ ಎಂದು ಆಕೆ ಕೇಳಿದ್ದಕ್ಕೆ ನನ್ನಲ್ಲಿ ಅಷ್ಟು ನ್ಯಾಯವಾದ ಉತ್ತರವಿರಲಿಲ್ಲ.

ಸಂಜೆ ನಮ್ಮ ಓಣಿಯ ಬಡಿಗೇರ ಕಾಕಾ ಬಂದಿದ್ದರು. ಎಪ್ಪತ್ತು ದಾಟಿದವರು, ಗಂಜಿನ ಅಂಗಡಿಗಳ ಗಲ್ಲಾಪೆಟ್ಟಿಗೆಗಳಿಂದ ಹಿಡಿದು ಹಳ್ಳಿಯ ಬಂಡಿಗಳವರೆಗೆ ಕರಿಜಾಲಿ, ಬೇವು, ಸಾಗವಾನಿಗಳಲ್ಲಿ ಕೈಯಾಡಿಸಿದವರು. ಅವರು ಯಂತ್ರವನ್ನು ಬೈಯಬಹುದೆಂದು ನಾನು ಎಣಿಸಿದ್ದೆ. ಜಿಗ್ಗಿನ ಚಿತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿ, “ತಗೋರಿ ಸರ. ಉಳಿ ಹೊಡದ ಹೊಡದ ಮಣಿಕಟ್ಟ ಹ್ಯಾಂಗ ಆಗ್ತದಂತ ಮಾಡಿದವರಿಗೇ ಗೊತ್ತ. ನಮ್ ಕಾಲಕ್ಕ ಇದು ಇದ್ದಿದ್ರ ನಾ ಬಿಡ್ತಿದ್ದಿಲ್ಲ” ಎಂದರು. ಆಳಂದ ರಸ್ತೆಯಲ್ಲಿರುವ ತಮ್ಮ ಮಗನ ಅಂಗಡಿಗೆ ಮಾತ್ರ ಇದು ಬೇಡವೆಂದೂ ಸೇರಿಸಿದರು. ಅಲ್ಲಿ ನಡೆಯುವುದೆಲ್ಲ ಪ್ಲೈವುಡ್ಡು, ಸನ್‌ಮೈಕಾ, ಟೆಲಿಸ್ಕೋಪಿಕ್ ಚಾನೆಲ್ಲು. ಪ್ಲೈನ ಪದರಗಳಲ್ಲಿ ಡವ್‌ಟೇಲ್ ಕೊರೆದರೆ ಅಡ್ಡ ಪದರ ಕಿತ್ತುಕೊಂಡು ಬರುತ್ತದೆ, ಅಲ್ಲಿ ಫೆವಿಕಾಲ್ ಮತ್ತು ಸ್ಕ್ರೂಗಳೇ ಸರಿ.

ಅನಂತರ ಕಾಕಾ ನನ್ನ ಹಲಗೆಗಳನ್ನು ಮುಟ್ಟಿ ನೋಡಿದರು, ಅವರ ಪ್ರಶ್ನೆ ಬಂದದ್ದು ಆಗ: “ಇದು ಹಳೀ ಮನಿ ತೊಲಿ ಅಲ್ಲೇನ್ರಿ? ಮಳಿ ಎಲ್ಲಾ ತಗದೀರೇನು?” ಅವರು ಹೇಳಿದ್ದು ಮೊಳೆಯ ಮಾತು. ಶಹಾಬಜಾರಿನ ಕಡೆ ಕೆಡವಿದ ಹಳೆಯ ಮನೆಯ ತೊಲೆಗಳನ್ನು ಸಾಮಿಲ್ಲಿನಲ್ಲಿ ಸೀಳಿಸಿ ತಂದ ಹಲಗೆಗಳಿವು. ಅಯಸ್ಕಾಂತ ಆಡಿಸಿ ಕಂಡಷ್ಟು ಮೊಳೆಗಳನ್ನು ಕಿತ್ತಿದ್ದೇನೆ. ಒಳಗೆ ತುಂಡಾಗಿ ಉಳಿದು ತುಕ್ಕು ಹಿಡಿದವು ಎಷ್ಟಿವೆಯೋ ಮರವೇ ಬಲ್ಲದು. ಉಳಿಗೆ ಮೊಳೆ ತಗುಲಿದರೆ ಬಾಯಿಯಲ್ಲೊಂದು ಹಲ್ಲು ಬೀಳುತ್ತದೆ, ಕಲ್ಲಿಗೆ ಉಜ್ಜಿದರೆ ಹೋಗುತ್ತದೆ. ನಿಮಿಷಕ್ಕೆ ಇಪ್ಪತ್ತು ಸಾವಿರ ಸುತ್ತು ತಿರುಗುವ ಕಾರ್ಬೈಡ್ ಬಿಟ್ಟಿಗೆ ತಗುಲಿದರೆ ಬಿಟ್ ಹೋಗುತ್ತದೆ, ಅದರ ಚೂರು ಎತ್ತ ಹಾರುತ್ತದೆಂಬುದು ಇನ್ನೊಂದು ಚಿಂತೆ. ಬೆಚ್ಚಿ ರೌಟರನ್ನು ಮೇಲಕ್ಕೆತ್ತಿದೆವೋ, ಕೆಳಗೆ ಅಗಲವಾಗಿರುವ ಆ ಬಿಟ್ ಟೆಂಪ್ಲೇಟಿನ ಹಲ್ಲನ್ನೂ ಹಲಗೆಯನ್ನೂ ಕತ್ತರಿಸಿಕೊಂಡೇ ಹೊರಬರುತ್ತದೆ. ಹೊಸ ಮರವಾಗಿದ್ದರೆ ಈ ಭಯ ಇರುತ್ತಿರಲಿಲ್ಲ.

ಸಮಯದ ಲೆಕ್ಕ ಜಿಗ್ಗಿನ ಪರವಾಗಿಯೇ ಇದೆ, ಅದನ್ನು ಮುಚ್ಚಿಡುವುದಿಲ್ಲ. ಖಾನೆಯ ಹಿಂಭಾಗಕ್ಕೆ ಪಕ್ಕದ ಹಲಗೆಯಲ್ಲಿ ಅಡ್ಡಗಾಡಿ (ಅಡ್ಡಲಾದ ಕಾಲುವೆಯಂಥ ಗಾಡಿ) ಹೊಡೆದು ಕೂರಿಸಿದರೆ ಸಾಕು. ಡವ್‌ಟೇಲ್ ಬೇಕಾದದ್ದು ಮುಂದಿನ ಹನ್ನೆರಡು ಮೂಲೆಗಳಿಗೆ. ಕೈಯಲ್ಲಿ ನನಗೆ ಒಂದು ಮೂಲೆಗೆ ಗಂಟೆ, ಗಂಟೆಕಾಲು ಹಿಡಿಯುತ್ತದೆ, ಅಂದರೆ ಹದಿನೈದು ಗಂಟೆಯ ಕೆಲಸ. ಜಿಗ್ಗಿನಲ್ಲಿ ಹನ್ನೆರಡು ಮೂಲೆಗಳು ಒಂದು ಮಧ್ಯಾಹ್ನದ ಕೆಲಸವಾದರೂ, ಅಕ್ರಿಲಿಕ್ ತಳ ಮಾಡುವುದಕ್ಕೆ, ಚೂರು ಹಲಗೆಗಳಲ್ಲಿ ಹದ ನೋಡುವುದಕ್ಕೆ, ಬಿಗಿಯುವ ಪಟ್ಟಿ ನಡುವೆ ಬಾಗಿ ಹಲಗೆ ಜಾರದಂತೆ ಅದಕ್ಕೆ ಮರಳುಕಾಗದ ಅಂಟಿಸುವುದಕ್ಕೆ ಒಂದು ದಿನ ಬೇಕು. ಉಳಿಯುವುದು ಒಂದು ದಿನದಷ್ಟು. ಕಳೆದ ತಿಂಗಳ ಕೊನೆಯಲ್ಲಿ ಭೀಮೆ ಉಕ್ಕಿ ಹರಿದ ಮಳೆಯ ತೇವವನ್ನು ಹಲಗೆಗಳು ಇನ್ನೂ ಪೂರ್ತಿ ಬಿಟ್ಟಿಲ್ಲವಾದ್ದರಿಂದ ಅವಸರ ಮಾಡಿದರೂ ಲಾಭವಿಲ್ಲ. ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಹಲಗೆಯ ಅಗಲ ಕುಗ್ಗಿಯೇ ಕುಗ್ಗುತ್ತದೆ. ಡವ್‌ಟೇಲಿನಲ್ಲಿ ಎರಡೂ ಹಲಗೆಗಳ ಎಳೆ ಒಂದೇ ರೀತಿ ಓಡುವುದರಿಂದ ಎರಡೂ ಒಟ್ಟಿಗೆ ಕುಗ್ಗಿ ಜೋಡಣೆ ಸುರಕ್ಷಿತವಾಗಿರುತ್ತದೆ. ಇದು ಕೈಕೆಲಸಕ್ಕೂ ಯಂತ್ರಕ್ಕೂ ಸಮಾನ.

ಹಾಗಾದರೆ ಜಿಗ್ ನನಗೆ ಎಂದೂ ಬೇಡವೇ? ಬೀದರಿನಲ್ಲಿ ಅಕ್ಕ ಹೊಸ ಮನೆಯ ಅಡುಗೆಮನೆಗೆ ಘನಮರದ ಖಾನೆಗಳನ್ನು ಮಾಡಿಕೊಡುತ್ತೀಯಾ ಎಂದು ಕೇಳುತ್ತಿದ್ದಾಳೆ. ಅಲ್ಲಿ ಹದಿನೆಂಟು ಖಾನೆಗಳು, ಮೂವತ್ತಾರು ಮೂಲೆಗಳು, ಹೊಸದಾಗಿ ಕೊಂಡ ಮರ. ಎಲ್ಲಕ್ಕಿಂತ ಮುಖ್ಯವಾಗಿ, ಚೌಕಟ್ಟು ಇನ್ನೂ ಕಾಗದದ ಮೇಲೆಯೂ ಬಂದಿಲ್ಲ. 22.2ರ ಗುಣಕವನ್ನು ಮೊದಲಿಟ್ಟುಕೊಂಡು ಖಾನೆಗಳ ಎತ್ತರ ಗೊತ್ತುಮಾಡಿ, ಅದಕ್ಕೆ ತಕ್ಕಂತೆ ಚೌಕಟ್ಟು ಕಟ್ಟಿದರೆ ಜಿಗ್ಗಿನ ದೋಷವೆಂದು ಮೇಲೆ ಬರೆದ ಅರ್ಧಕ್ಕರ್ಧ ಸಂಗತಿಗಳು ದೋಷಗಳಾಗಿ ಉಳಿಯುವುದಿಲ್ಲ. ಆ ಕೆಲಸ ಖಚಿತವಾದರೆ 8,900ಕ್ಕೇ ಆಗಲಿ ಕೊಳ್ಳುತ್ತೇನೆ. ಎಂಟುನೂರು ಹೆಚ್ಚು ಕೊಡುವುದು, ಒಂದು ವರ್ಷ ಪೆಟ್ಟಿಗೆಯಲ್ಲಿಟ್ಟು ಧೂಳು ಹಿಡಿಸುವುದಕ್ಕಿಂತ ಅಗ್ಗ.

ರಾತ್ರಿ ಒಂಬತ್ತಕ್ಕೆ ಜಿಗ್ಗನ್ನು ಕಾರ್ಟಿನಿಂದ ತೆಗೆದುಹಾಕಿದೆ. ಅಕ್ಕನಿಗೆ ಫೋನ್ ಮಾಡಿ, 89, 111 ಮತ್ತು 156 ಎಂಬ ಮೂರು ಎತ್ತರಗಳಲ್ಲಿ ಯಾವ ಯಾವ ಪಾತ್ರೆ, ಡಬ್ಬಿ, ಸೌಟುಗಳು ಹಿಡಿಸುತ್ತವೆಂದು ಅಳೆದು ಹೇಳುವಂತೆ ಕೇಳಿದ್ದೇನೆ. ಏಕೆ ಇಂಥ ವಿಚಿತ್ರ ಅಳತೆ ಎಂದು ಕೇಳಿದಳು. ಬಂದಾಗ ಹೇಳುತ್ತೇನೆ ಎಂದಿದ್ದೇನೆ. ನಾಳೆ ಕೆಲಸದಿಂದ ಬಂದ ಮೇಲೆ ಆರು ಮತ್ತು ಹನ್ನೆರಡು ಮಿಲಿಮೀಟರಿನ ಉಳಿಗಳನ್ನು ಮಸೆದು, ತೊಂಬತ್ತರ ಖಾನೆಯ ಮುಖಹಲಗೆಗೆ ಗೆರೆ ಹಾಕಬೇಕು.